ನಿಮಗಿದು ಗೊತ್ತೇ? ನೀರು ಕುಡಿಯಲೆಂದೇ ಉಪ್ಪು ತಿನ್ನುವ ಗಿಡಗಳು

ಮಾವಿನ ಮಿಡಿಯನ್ನು ಭರಣಿಗೆ ತುಂಬಿ, ಮೇಲೆ ಹರಳುಪ್ಪು ಸುರಿದು ನಾಲ್ಕು ದಿನ ಬಿಡಿ. ಮಿಡಿ ಮುರುಟಿರುತ್ತದೆ, ತಳದಲ್ಲಿ ನೀರು ನಿಂತಿರುತ್ತದೆ. ಆ ನೀರನ್ನು ಯಾರೂ ಹೊಯ್ದದ್ದಲ್ಲ. ಮಿಡಿಯ ಒಳಗಿದ್ದುದನ್ನೇ ಉಪ್ಪು ಹೊರಗೆಳೆದಿದೆ. ಉಪ್ಪುನೆಲದಲ್ಲಿ ಬೇರು ಬಿಟ್ಟ ಗಿಡದ ಪಾಡೂ ಇದೇ. ಸುತ್ತ ನೀರಿದ್ದರೂ ಅದು ಬೇರಿನೊಳಕ್ಕೆ ಬರುವುದಿಲ್ಲ, ಬೇರಿನಲ್ಲಿದ್ದದ್ದೇ ಹೊರಗೆ ಹೋಗಲು ನೋಡುತ್ತದೆ. ಆದರೂ ಕುಮಟಾ, ಹೊನ್ನಾವರ, ಕುಂದಾಪುರದ ಅಳಿವೆಗಳಲ್ಲಿ ಕಾಂಡ್ಲಾ ಕಾಡು ಕಾಲನ್ನು ಉಪ್ಪುನೀರಲ್ಲಿಟ್ಟು ಹಚ್ಚಗೆ ನಿಂತಿದೆ. ಅದರ ಗುಟ್ಟು, ಅದರ ನೆಂಟರಿಷ್ಟರ ಗುಟ್ಟು ಈ ಸಲದ ಅಂಕಣಕ್ಕೆ.

● ಉಪ್ಪು ಗಿಡವನ್ನು ಎರಡು ಸಲ ಹೊಡೆಯುತ್ತದೆ. ಮೊದಲ ಏಟು ಬಾಯಾರಿಕೆ: ಬೇರು ನೀರೆಳೆಯಲಾರದೆ ಎಲೆ ಸೊರಗುತ್ತದೆ. ಎರಡನೆಯದು ನಿಧಾನವಾದ ವಿಷ. ಒಳಸೇರಿದ ಸೋಡಿಯಂ, ತನ್ನನ್ನೇ ಹೋಲುವ ಪೊಟ್ಯಾಸಿಯಂನ ಜಾಗದಲ್ಲಿ ಹೋಗಿ ಕೂರುತ್ತದೆ. ಐವತ್ತಕ್ಕೂ ಹೆಚ್ಚು ಕಿಣ್ವಗಳು ಪೊಟ್ಯಾಸಿಯಂ ಇದ್ದರಷ್ಟೇ ಕೆಲಸ ಮಾಡುತ್ತವೆ. ಸೋಡಿಯಂ ಬಂದು ಕೂತರೆ ಅವು ಕೈಕಟ್ಟಿ ನಿಲ್ಲುತ್ತವೆ.

● ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಅದು ನೀರನ್ನು ಹಿಡಿದಿಟ್ಟುಕೊಳ್ಳುವ ಬಲ ಸುಮಾರು 25 ವಾಯುಭಾರದಷ್ಟು. ಕಾರಿನ ಟೈರಿನ ಗಾಳಿಯ ಒತ್ತಡ ಎರಡು ವಾಯುಭಾರದ ಆಸುಪಾಸು ಎಂಬುದನ್ನು ನೆನೆದರೆ ಕಾಂಡ್ಲಾ ಮರದ ಬೇರು ಎಂಥ ಜಗ್ಗಾಟದಲ್ಲಿದೆ ಎಂದು ಗೊತ್ತಾಗುತ್ತದೆ.

● ಲೀಟರಿಗೆ ಸುಮಾರು 12 ಗ್ರಾಂ ಅಡುಗೆ ಉಪ್ಪು ಕರಗಿದ ನೀರಿನಲ್ಲಿ ಮೊಳೆತು, ಬೆಳೆದು, ಹೂಬಿಟ್ಟು, ಬೀಜ ಕಟ್ಟಬಲ್ಲ ಗಿಡವನ್ನು ವಿಜ್ಞಾನಿಗಳು 'ಹ್ಯಾಲೊಫೈಟ್' ಎನ್ನುತ್ತಾರೆ. ಹೂಬಿಡುವ ಸಸ್ಯಜಾತಿಗಳಲ್ಲಿ ಇಂಥವು ನೂರಕ್ಕೆ ಒಂದೂ ಇಲ್ಲ.

● ಉಪ್ಪಿನ ಗಿಡಗಳ ಕಿಣ್ವಗಳು ಉಕ್ಕಿನಂಥವಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. 1970ರ ದಶಕದ ಆರಂಭದಲ್ಲಿ ಸಂಶೋಧಕರು ಪರೀಕ್ಷಿಸಿಯೇ ನೋಡಿದರು. ಉಪ್ಪುನೆಲದಲ್ಲಿ ಬೆಳೆಯುವ ಗಿಡಗಳ ಕಿಣ್ವಗಳನ್ನೂ ಬಟಾಣಿ, ಹುರುಳಿಕಾಯಿಯಂಥ ಸಾದಾ ಗಿಡಗಳ ಕಿಣ್ವಗಳನ್ನೂ ಹೊರತೆಗೆದು ಪ್ರಯೋಗನಾಳದಲ್ಲಿ ಉಪ್ಪು ಸೇರಿಸಿದರು. ಎರಡೂ ಒಂದೇ ತೆರನಾಗಿ ಸೋತವು! ಕಡಲಂಚಿನ ಗಿಡದ ಒಳಗಿನ ಯಂತ್ರ ನಮ್ಮ ಹಿತ್ತಲ ಹುರುಳಿಕಾಯಿ ಗಿಡದ ಯಂತ್ರದಷ್ಟೇ ನಾಜೂಕು. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದು. ಗಿಡದ ಶಕ್ತಿಯಿರುವುದು ಗಟ್ಟಿತನದಲ್ಲಲ್ಲ, ಯಾವುದನ್ನು ಎಲ್ಲಿಡಬೇಕೆಂದು ಬಲ್ಲ ಮನೆವಾರ್ತೆಯಲ್ಲಿ.

● ನಿಜವಾಗಿಯೂ ಉಪ್ಪಿಗೆ ಹೊಂದಿಕೊಂಡ ಕಿಣ್ವಗಳು ಬೇರೊಂದು ಲೋಕದಲ್ಲಿವೆ. ಉಪ್ಪಿನ ಆಗರಗಳಲ್ಲಿ ಬದುಕುವ ಹ್ಯಾಲೊಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಜೀವಿ ಕೋಶದ ತುಂಬ ಪೊಟ್ಯಾಸಿಯಂ ಕ್ಲೋರೈಡ್ ಇಟ್ಟುಕೊಂಡಿದೆ. ಉಪ್ಪು ಕಡಿಮೆಯಾದರೆ ಅದರ ಪ್ರೋಟೀನುಗಳೇ ಆಕಾರ ಕಳೆದುಕೊಳ್ಳುತ್ತವೆ. ಹೂಬಿಡುವ ಗಿಡಗಳು ಈ ದಾರಿ ಹಿಡಿಯಲಿಲ್ಲ.

● ಹಾಗಾದರೆ ಗಿಡ ಉಪ್ಪನ್ನು ಎಲ್ಲಿಡುತ್ತದೆ? ಬಲಿತ ಸಸ್ಯಕೋಶದ ಬಹುಪಾಲು ಜಾಗವನ್ನು, ಕೆಲವೊಮ್ಮೆ ಶೇಕಡ 90ಕ್ಕೂ ಮಿಕ್ಕಿ, ರಸದಾನಿ ಎಂಬ ನೀರಿನ ಚೀಲ ತುಂಬಿರುತ್ತದೆ. ಕಿಣ್ವಗಳ ಕಾರ್ಖಾನೆಯಾದ ಕೋಶದ್ರವ್ಯ ಅದರ ಸುತ್ತ ತೆಳ್ಳಗೆ ಹರಡಿರುತ್ತದೆ. ಒಳಬಂದ ಸೋಡಿಯಂ ಮತ್ತು ಕ್ಲೋರೈಡನ್ನು ಗಿಡ ಈ ರಸದಾನಿಗೆ ಸಾಗಿಸಿ ಬಾಗಿಲು ಹಾಕುತ್ತದೆ. ಸಾಗಿಸುವ ರೀತಿಯೂ ಚೆಂದ. ಮೊದಲು ಕೋಶದ ಶಕ್ತಿನಾಣ್ಯವಾದ ಎಟಿಪಿ ಖರ್ಚು ಮಾಡಿ ಹೈಡ್ರೊಜನ್ ಅಯಾನುಗಳನ್ನು ರಸದಾನಿಯೊಳಕ್ಕೆ ತುಂಬುತ್ತದೆ. ಅವು ಹೊರಗೆ ಬರಲು ತವಕಿಸುತ್ತಿರುತ್ತವೆ. ರಸದಾನಿಯ ಪೊರೆಯಲ್ಲಿರುವ ಒಂದು ಪ್ರೋಟೀನು ತಿರುಗುಬಾಗಿಲಿನಂತೆ, ಒಂದು ಹೈಡ್ರೊಜನ್ನನ್ನು ಹೊರಬಿಡುವಾಗಲೇ ಒಂದು ಸೋಡಿಯಂ ಅನ್ನು ಒಳಹಾಕುತ್ತದೆ. ತುಂಬಿದ್ದು ಸೋರದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ಸೋರಿದರೆ ಮತ್ತೆ ತುಂಬಬೇಕು, ಮತ್ತೆ ಎಟಿಪಿ ಸುರಿಯಬೇಕು.

● ಕೂಡಿಟ್ಟ ಉಪ್ಪು ಗಿಡಕ್ಕೆ ಭಾರವಲ್ಲ, ಬಂಡವಾಳ! ರಸದಾನಿಯಲ್ಲಿ ಉಪ್ಪಿದ್ದರೆ ಅದೇ ಮಣ್ಣಿನ ನೀರನ್ನು ಒಳಗೆಳೆಯುತ್ತದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬುದು ನಮ್ಮ ಗಾದೆ. ಈ ಗಿಡಗಳು ನೀರು ಕುಡಿಯಬೇಕೆಂದೇ ಉಪ್ಪು ತಿನ್ನುತ್ತವೆ. ಗಂಟುಗಂಟಾಗಿ ರಸ ತುಂಬಿಕೊಳ್ಳುವ ಸ್ಯಾಲಿಕಾರ್ನಿಯ ಗಿಡವನ್ನು ಸಿಹಿನೀರಿನಲ್ಲಿ ಬೆಳೆಸಿದರೆ ಸಣಕಲಾಗುತ್ತದೆ. ಉಪ್ಪು ಕೊಟ್ಟರೆ ಮೈದುಂಬಿಕೊಳ್ಳುತ್ತದೆ.

● ರಸದಾನಿಯಲ್ಲಿ ಅಷ್ಟು ಉಪ್ಪಿದ್ದರೆ ಅದು ಪಕ್ಕದ ಕೋಶದ್ರವ್ಯದ ನೀರನ್ನೂ ಹೀರಬೇಕಲ್ಲ? ಹೀರಬೇಕು. ಅದನ್ನು ತಡೆಯಲು ಗಿಡ ಕೋಶದ್ರವ್ಯದಲ್ಲಿ ನೀರನ್ನು ಹಿಡಿದಿಡುವ, ಆದರೆ ಕಿಣ್ವಗಳಿಗೆ ತೊಂದರೆ ಕೊಡದ ಸಾವಯವ ಅಣುಗಳನ್ನು ತಾನೇ ತಯಾರಿಸಿ ತುಂಬುತ್ತದೆ. ಬೀಟೈನ್, ಪ್ರೋಲೀನ್, ಪಿನಿಟಾಲ್, ಮ್ಯಾನಿಟಾಲ್ ಇವುಗಳಲ್ಲಿ ಮುಖ್ಯವಾದವು. ಉಪ್ಪುನೆಲದ ಗಿಡದ ಚಯಾಪಚಯ ನಿಜಕ್ಕೂ ಬದಲಾಗುವುದು ಇಲ್ಲಿಯೇ.

● ಈ ತಯಾರಿ ದುಬಾರಿ. ಒಂದು ಪಾಲು ಸೋಡಿಯಂ ಅನ್ನು ರಸದಾನಿಗೆ ತಳ್ಳಲು ಸುಮಾರು 3.5 ಪಾಲು ಎಟಿಪಿ ಸಾಕು. ಅಷ್ಟೇ ಮ್ಯಾನಿಟಾಲ್ ತಯಾರಿಸಲು 34, ಪ್ರೋಲೀನಿಗೆ 41, ಗ್ಲೈಸಿನ್ ಬೀಟೈನಿಗೆ 50, ಸಕ್ಕರೆಗೆ ಸುಮಾರು 52 ಪಾಲು ಬೇಕು ಎಂಬುದು 1985ರಲ್ಲಿ ಪ್ರಕಟವಾದ ಲೆಕ್ಕ. ಅದಕ್ಕೇ ದೊಡ್ಡ ರಸದಾನಿಗೆ ಪುಕ್ಕಟೆ ಸಿಗುವ ಉಪ್ಪು, ಪುಟ್ಟ ಕೋಶದ್ರವ್ಯಕ್ಕೆ ಮಾತ್ರ ಈ ಬೆಲೆಯ ಅಣುಗಳು. ಗೋದಾಮಿಗೆ ಅಗ್ಗದ ಸಾಮಾನು, ದೇವರ ಕೋಣೆಗೆ ಬೆಳ್ಳಿ.

● ಬೀಟೈನ್ ಎಂಬ ಹೆಸರು ಬಂದದ್ದು ಬೀಟ್ ಗಡ್ಡೆಯಿಂದ. 19ನೇ ಶತಮಾನದಲ್ಲಿ ಅದನ್ನು ಮೊದಲು ಗುರುತಿಸಿದ್ದು ಸಕ್ಕರೆ ಬೀಟಿನ ರಸದಲ್ಲಿ. ಬೀಟಿನ ಮೂಲ ಪೂರ್ವಜ ಯುರೋಪಿನ ಕಡಲತಡಿಯ ಗಿಡ. ಬೀಟ್‌ರೂಟ್, ಪಾಲಕ್, ಚಕ್ಕೋತ ಸೊಪ್ಪು, ಸ್ಯಾಲಿಕಾರ್ನಿಯ ಎಲ್ಲವೂ ಒಂದೇ ಬಳಗ.

● ಪಾಲಕ್ ಎಲೆಯಲ್ಲಿ ಬೀಟೈನ್ ತಯಾರಾಗುವುದು ಎರಡೇ ಹೆಜ್ಜೆಯಲ್ಲಿ, ಅದೂ ಬಿಸಿಲಿನಿಂದ ಆಹಾರ ತಯಾರಿಸುವ ಕ್ಲೋರೋಪ್ಲಾಸ್ಟಿನಲ್ಲಿ. ಕೋಲೀನ್ ಎಂಬ ಅಣುವಿಗೆ ಒಂದು ಕಿಣ್ವ ಆಮ್ಲಜನಕ ಸೇರಿಸಿ ಬೀಟೈನ್ ಆಲ್ಡಿಹೈಡ್ ಮಾಡುತ್ತದೆ. ಇನ್ನೊಂದು ಕಿಣ್ವ ಅದನ್ನು ಬೀಟೈನ್ ಮಾಡುತ್ತದೆ. ಭತ್ತಕ್ಕೆ ಈ ವಿದ್ಯೆ ಕೈಹತ್ತಿಲ್ಲ; ಅದರ ಎಲೆಯಲ್ಲಿ ಬೀಟೈನ್ ಶೇಖರವಾಗುವುದಿಲ್ಲ.

● ಬಾಸ್ಮತಿಯ ಪರಿಮಳಕ್ಕೂ ಈ ಕಥೆಗೂ ನಂಟಿದೆ. ಮೇಲೆ ಹೇಳಿದ ಎರಡನೇ ಕಿಣ್ವದ ಕುಟುಂಬಕ್ಕೆ ಸೇರಿದ ಒಂದು ಜೀನ್ ಭತ್ತದಲ್ಲೂ ಇದೆ. ಬಾಸ್ಮತಿ ಮತ್ತು ಥಾಯ್ಲೆಂಡಿನ ಜಾಸ್ಮಿನ್ ಅಕ್ಕಿಗಳಲ್ಲಿ ಅದು ಕೆಟ್ಟುಹೋಗಿದೆ. ಕಿಣ್ವ ಬಳಸಿಕೊಳ್ಳಬೇಕಿದ್ದ ಕಚ್ಚಾಮಾಲು ಉಳಿದು, ಬೇರೆ ದಾರಿ ಹಿಡಿದು, 2-ಅಸಿಟೈಲ್-1-ಪಿರೊಲಿನ್ ಎಂಬ ಸುಗಂಧವಾಗುತ್ತದೆ. ಇದು ಗೊತ್ತಾದದ್ದು 2005ರಲ್ಲಿ. ಪುಲಾವಿನ ಪಾತ್ರೆಯ ಮುಚ್ಚಳ ತೆಗೆದಾಗ ಮೂಗಿಗೆ ಬರುವುದು ಒಂದು ಕೆಟ್ಟ ಜೀನಿನ ಕೊಡುಗೆ.

● ಬೀಟೈನಿಗೂ ಪ್ರೋಲೀನಿಗೂ ಸಾರಜನಕ ಬೇಕು. ಉಪ್ಪುಜವುಗಿನಲ್ಲಿ ಸಾರಜನಕಕ್ಕೆ ಬರ, ಗಂಧಕ ಮಾತ್ರ ಸಮೃದ್ಧ. ಸ್ಪಾರ್ಟೀನಾ ಎಂಬ ಜವುಗುಹುಲ್ಲಿನ ಕೆಲವು ಜಾತಿಗಳು ಗಂಧಕದಿಂದಲೇ ಡಿಎಂಎಸ್‌ಪಿ ಎಂಬ ಅಣು ತಯಾರಿಸಿ ತುಂಬಿಕೊಳ್ಳುತ್ತವೆ. ಅದು ಒಡೆದಾಗ ಡೈಮಿಥೈಲ್ ಸಲ್ಫೈಡ್ ಎಂಬ ಅನಿಲ ಹೊರಬರುತ್ತದೆ. ನಾವು ಕಡಲ ವಾಸನೆ ಎನ್ನುವುದರಲ್ಲಿ ಈ ಅನಿಲದ ಪಾಲು ದೊಡ್ಡದು. ಸಮುದ್ರದ ಪಾಚಿಗಳೂ ಇದನ್ನು ಧಾರಾಳವಾಗಿ ಹೊರಬಿಡುತ್ತವೆ.

● ಲಿಮೋನಿಯಂ ಎಂಬ ಹೂಗಿಡಗಳ ಬಳಗದ್ದು ಇನ್ನೊಂದು ಜಾಣತನ. ಸಾದಾ ಬೀಟೈನಿನ ಮೊದಲ ಹೆಜ್ಜೆಗೆ ಆಮ್ಲಜನಕ ಬೇಕು. ನೀರು ನಿಂತ ಕೆಸರಿನಲ್ಲಿ ಅದು ಸಿಗುವುದು ಕಷ್ಟ. ಈ ಬಳಗದ ಹಲವು ಗಿಡಗಳು ಆಮ್ಲಜನಕ ಬೇಡದ ದಾರಿಯಲ್ಲಿ ಬೀಟಾ-ಅಲನೈನ್ ಬೀಟೈನ್ ತಯಾರಿಸುತ್ತವೆ.

● ಪ್ರೋಲೀನ್ ಒಂದು ಸಾಮಾನ್ಯ ಅಮೈನೊ ಆಮ್ಲ. ಉಪ್ಪು ಹೆಚ್ಚಿದಾಗ ಗಿಡ ಗ್ಲುಟಮೇಟಿನಿಂದ ಅದನ್ನು ತಯಾರಿಸಿ ಕೂಡಿಡುತ್ತದೆ. ಮಳೆ ಬಂದು ಉಪ್ಪು ತೊಳೆದುಹೋದರೆ ಮೈಟೊಕಾಂಡ್ರಿಯದಲ್ಲಿ ಉರಿಸಿ ಶಕ್ತಿ ಪಡೆಯುತ್ತದೆ. ಕಷ್ಟಕಾಲದ ರಕ್ಷೆಯೇ ಸುಖಕಾಲದ ಬುತ್ತಿ.

● ಡ್ಯುನಾಲಿಯೆಲ್ಲ ಎಂಬ ಏಕಕೋಶ ಪಾಚಿಗೆ ಗಟ್ಟಿ ಕೋಶಭಿತ್ತಿಯೇ ಇಲ್ಲ. ಆದರೂ ಉಪ್ಪಿನ ಆಗರದ ಗಾಢ ನೀರಿನಲ್ಲಿ ಈಜಾಡಿಕೊಂಡಿರುತ್ತದೆ. ಅದರ ಉಪಾಯ ಗ್ಲಿಸರಾಲ್: ಹೊರಗೆ ಉಪ್ಪು ಏರಿದಷ್ಟೂ ಒಳಗೆ ಗ್ಲಿಸರಾಲ್ ಏರಿಸುತ್ತದೆ.

● ಈಗ ಬೆಂಗಳೂರಿನ ಲಾಲ್‌ಬಾಗಿಗೆ ಬರೋಣ. ಟಿಪ್ಪುವಿನ ನಂತರದ ವರ್ಷಗಳಲ್ಲಿ ಆ ತೋಟವನ್ನು ನೋಡಿಕೊಂಡಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಹೈನ್. ಕಾಡುಬಸಳೆಯ ಎಲೆಯನ್ನು ಬೆಳಿಗ್ಗೆ ಅಗಿದರೆ ಹುಳಿ, ಮಧ್ಯಾಹ್ನದ ಹೊತ್ತಿಗೆ ಸಪ್ಪೆ ಎಂಬುದನ್ನು ಆತ ಗಮನಿಸಿ ಬರೆದ ಪತ್ರ ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ 1815ರಲ್ಲಿ ಅಚ್ಚಾಯಿತು. ಕಾರಣ ತಿಳಿದದ್ದು ಬಹಳ ತಡವಾಗಿ: ಇಂಥ ಗಿಡಗಳು ಹಗಲು ಪತ್ರರಂಧ್ರ ಮುಚ್ಚಿ ನೀರು ಉಳಿಸುತ್ತವೆ, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಹೀರಿ ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತವೆ. ಬೆಳಗಿನ ಹುಳಿ ಆ ಆಮ್ಲದ್ದು. ಹಗಲಿನಲ್ಲಿ ಅದು ಸಕ್ಕರೆ ತಯಾರಿಗೆ ಖರ್ಚಾಗುತ್ತದೆ.

ದಕ್ಷಿಣ ಆಫ್ರಿಕದ ಕಡಲತಡಿಯ 'ಐಸ್ ಪ್ಲಾಂಟ್' ಹುಟ್ಟುವಾಗ ಎಲ್ಲ ಗಿಡಗಳಂತೆ ಹಗಲುಪಾಳಿಯಲ್ಲಿ ದುಡಿಯುತ್ತದೆ. ಬೇರಿಗೆ ಉಪ್ಪು ತಾಗಿದರೆ ಕಾಡುಬಸಳೆಯ ಹಾಗೆ ರಾತ್ರಿಪಾಳಿಗೆ ಬದಲಾಗುತ್ತದೆ! ಕ್ಲಾಸ್ ವಿಂಟರ್ ಮತ್ತು ಫಾನ್ ವಿಲರ್ಟ್ ಎಂಬ ಜರ್ಮನ್ ವಿಜ್ಞಾನಿಗಳು 1972ರಲ್ಲಿ ಇದನ್ನು ತೋರಿಸಿಕೊಟ್ಟರು. ಅದೇ ಗಿಡ, ಅದೇ ಜೀನುಗಳು, ದ್ಯುತಿಸಂಶ್ಲೇಷಣೆಯ ವಿಧಾನವೇ ಬೇರೆ. ಉಪ್ಪು ಗಿಡದ ಚಯಾಪಚಯವನ್ನು ಎಷ್ಟು ಆಳದಲ್ಲಿ ತಿರುಗಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

● ಐಸ್ ಪ್ಲಾಂಟಿನ ಮೈತುಂಬ ಮಂಜಿನ ಹನಿಗಳಂತೆ ಕಾಣುವುದು ಉಪ್ಪುನೀರು ತುಂಬಿದ ಗುಳ್ಳೆಕೋಶಗಳು. ಆಂಡಿಸ್ ಪರ್ವತದ ಕಿನೋವಾ ಗಿಡದಲ್ಲೂ ಇಂಥ ಗುಳ್ಳೆಗಳಿವೆ. ಅವು ಉಪ್ಪಿನ ಕಣಜಗಳೆಂದೇ ಬಹುಕಾಲ ನಂಬಲಾಗಿತ್ತು. 2022ರಲ್ಲಿ ಗುಳ್ಳೆಯಿಲ್ಲದ ಕಿನೋವಾ ತಳಿಯನ್ನು ಪರೀಕ್ಷಿಸಿದಾಗ ಅದೂ ಉಪ್ಪನ್ನು ಅಷ್ಟೇ ಚೆನ್ನಾಗಿ ತಾಳಿಕೊಂಡಿತು. ಕಿನೋವಾದಲ್ಲಿ ಆ ಗುಳ್ಳೆಗಳು ಕೀಟಗಳಿಂದ ಎಲೆಯನ್ನು ಕಾಯುತ್ತವೆ ಎಂಬುದು ಹೊಸ ತಿಳಿವಳಿಕೆ.

● ಕಾಂಡ್ಲಾ ಮರಗಳಲ್ಲೇ ಎರಡು ಪಂಥಗಳಿವೆ. ಕಮಾನಿನಂತೆ ಬೇರು ಇಳಿಬಿಡುವ ರೈಜೊಫೊರ ಉಪ್ಪಿನ ಬಹುಪಾಲನ್ನು ಬೇರಿನಲ್ಲೇ ಸೋಸಿಬಿಡುತ್ತದೆ. ಮೇಲೇರುವ ರಸ ಹೆಚ್ಚುಕಡಿಮೆ ಸಿಹಿನೀರು. ಕೆಸರಿನಿಂದ ಮೊಳೆಗಳಂತೆ ಉಸಿರುಬೇರು ನಿಲ್ಲಿಸುವ ಅವಿಸೀನಿಯ ಒಂದಿಷ್ಟು ಉಪ್ಪನ್ನು ಒಳಬಿಟ್ಟುಕೊಂಡು, ಆಮೇಲೆ ಎಲೆಯ ಗ್ರಂಥಿಗಳಿಂದ ಹೊರಹಾಕುತ್ತದೆ. ಅದರ ಎಲೆಗೆ ನಾಲಗೆ ತಾಗಿಸಿದರೆ ಉಪ್ಪುಪ್ಪು. ಅವಿಸೀನಿಯದ ಕೋಶಗಳಲ್ಲಿ ಬೀಟೈನ್ ಕೂಡ ಇದೆ.

● ಉಪ್ಪುನೀರನ್ನು ಎಳೆಯುವ ಕಾಂಡ್ಲಾದ ಕ್ಸೈಲಂ ನಾಳಗಳಲ್ಲಿ 30ರಿಂದ 60 ವಾಯುಭಾರದಷ್ಟು ಸೆಳೆತವಿರುತ್ತದೆ ಎಂದು ಪೆರ್ ಶೋಲಾಂಡರ್ ಮತ್ತು ಸಂಗಡಿಗರು 1965ರಲ್ಲಿ ಅಳೆದು ತೋರಿಸಿದರು. ಸಮುದ್ರದ 25 ವಾಯುಭಾರದ ಹಿಡಿತವನ್ನು ಮೀರಿದ ಎಳೆತ ಅದು.

● ಅರಬ್ ಮರುಭೂಮಿಯ ಟ್ಯಾಮರಿಕ್ಸ್ ಗಿಡ ಹಗಲು ಎಲೆಯ ಮೇಲೆ ಉಪ್ಪಿನ ಹರಳು ಬಿಡುತ್ತದೆ. ರಾತ್ರಿ ಆ ಹರಳುಗಳು ಗಾಳಿಯ ತೇವವನ್ನು ಹೀರುತ್ತವೆ. ಅದರಲ್ಲೊಂದಿಷ್ಟನ್ನು ಗಿಡ ಕುಡಿಯುತ್ತದೆ. ಹರಳುಗಳಲ್ಲಿರುವ ಲೀಥಿಯಂ ಸಲ್ಫೇಟ್ ಗಾಳಿ ಅಷ್ಟೇನೂ ತೇವವಿಲ್ಲದಾಗಲೂ ನೀರು ಹಿಡಿಯಬಲ್ಲದು ಎಂದು 2023ರ ಅಧ್ಯಯನ ತಿಳಿಸಿತು.

● ಉಪ್ಪು ತಾಗಿದ ಸುದ್ದಿ ಬೇರಿನಿಂದ ಎಲೆಗೆ ಹೇಗೆ ಮುಟ್ಟುತ್ತದೆ? ಕ್ಯಾಲ್ಸಿಯಂ ಅಲೆಯಾಗಿ. ಪ್ರಯೋಗಾಲಯಗಳ ಅಚ್ಚುಮೆಚ್ಚಿನ ಅರಾಬಿಡಾಪ್ಸಿಸ್ ಗಿಡದ ಬೇರಿನಲ್ಲಿ ಈ ಅಲೆ ಸೆಕೆಂಡಿಗೆ ಸುಮಾರು 0.4 ಮಿಲಿಮೀಟರ್ ವೇಗದಲ್ಲಿ ಓಡುತ್ತದೆ.

● ಕ್ಯಾಲ್ಸಿಯಂನ ಸಂದೇಶ ಓದಿ ಸೋಡಿಯಂ ಅನ್ನು ಹೊರದೂಡುವ ಮೂರು ಮುಖ್ಯ ಪ್ರೋಟೀನುಗಳ ಹೆಸರು ಎಸ್‌ಒಎಸ್-1, 2 ಮತ್ತು 3. ಒಂದು ಉಪ್ಪನ್ನು ಗ್ರಹಿಸಿದ ಸುದ್ದಿ ಹಿಡಿಯುತ್ತದೆ, ಇನ್ನೊಂದು ಆಜ್ಞೆ ಕೊಡುತ್ತದೆ, ಮತ್ತೊಂದು ಬಾಗಿಲಲ್ಲಿ ನಿಂತು ತಳ್ಳುತ್ತದೆ. ಆ ಜೀನುಗಳು ಕೆಟ್ಟ ಗಿಡ ಚೂರು ಉಪ್ಪಿಗೂ ಸೊರಗುತ್ತದೆ. 'ಸಾಲ್ಟ್ ಓವರ್ಲಿ ಸೆನ್ಸಿಟಿವ್' ಎಂಬ ಹೆಸರು ಬಂದದ್ದೂ ಆ ಅತಿಸೂಕ್ಷ್ಮತೆಯಿಂದಲೇ.

● ಬೇರು ಉಪ್ಪಿನಿಂದ ಮುಖ ತಿರುಗಿಸುತ್ತದೆ. ಮುಂದೆ ಉಪ್ಪಿದೆಯೆಂದಾದರೆ, ಕೆಳಮುಖವಾಗಿ ಬೆಳೆಯಬೇಕೆಂಬ ಸಹಜ ಒಲವನ್ನೂ ಮೀರಿ ಪಕ್ಕಕ್ಕೆ ಬಾಗುತ್ತದೆ.

● ನಮ್ಮ ಹರಿವೆ ಸೊಪ್ಪಿಗೆ ಚೂರು ಸೋಡಿಯಂ ಬೇಕೇ ಬೇಕು. ಭತ್ತಕ್ಕೆ, ಗೋದಿಗೆ ಅದಿಲ್ಲದೆಯೂ ನಡೆಯುತ್ತದೆ. ಹರಿವೆ ಸಿ-4 ವಿಧಾನದಲ್ಲಿ ಆಹಾರ ತಯಾರಿಸುವ ಗಿಡ. ಅದಕ್ಕೆ ಬೇಕಾದ ಪೈರುವೇಟ್ ಎಂಬ ಅಣುವನ್ನು ಕ್ಲೋರೋಪ್ಲಾಸ್ಟಿನ ಒಳಗೆ ಒಯ್ಯಲು ಸೋಡಿಯಂ ಜೊತೆಗಿರಬೇಕು.

● ತೆಂಗಿನ ಸಸಿ ನೆಡುವಾಗ ಗುಂಡಿಗೆ ಉಪ್ಪು ಹಾಕುವ ಕರಾವಳಿಯ ಹಿರಿಯರ ರೂಢಿಯಲ್ಲಿ ಹುರುಳಿದೆ. ತೆಂಗಿಗೆ ಕ್ಲೋರೈಡ್ ಪೋಷಕಾಂಶ. ಪೊಟ್ಯಾಸಿಯಂ ಜೊತೆ ಸೇರಿ ಅದು ಎಲೆಯ ಪತ್ರರಂಧ್ರಗಳನ್ನು ತೆರೆದು ಮುಚ್ಚುವ ಕೆಲಸದಲ್ಲಿ ನೆರವಾಗುತ್ತದೆ.

● ಟೊಮೆಟೊಗೆ ಹದವಾಗಿ ಉಪ್ಪುನೀರು ಉಣಿಸಿದರೆ ಹಣ್ಣು ಸಣ್ಣದಾಗುತ್ತದೆ, ಆದರೆ ಸಿಹಿಯಾಗುತ್ತದೆ.

● ಉಪ್ಪುನೆಲದ ಗಿಡಗಳನ್ನು ಸುಟ್ಟರೆ ಬೂದಿಯಲ್ಲಿ ಸೋಡಿಯಂ ಕಾರ್ಬೊನೇಟ್ ಸಿಗುತ್ತದೆ. ಒಳನಾಡಿನ ಮರಗಳ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಹೆಚ್ಚು. ಸ್ಪೇನಿನ ಕಡಲತಡಿಯ ಗಿಡಗಳ ಬೂದಿ ಯುರೋಪಿನ ಗಾಜು, ಸಾಬೂನುಗಳ ಕಚ್ಚಾಮಾಲಾಗಿತ್ತು. ಉಪ್ಪಿನಿಂದಲೇ ಸೋಡಾ ತಯಾರಿಸುವ ಲೆಬ್ಲಾಂಕನ ವಿಧಾನಕ್ಕೆ 1791ರಲ್ಲಿ ಪೇಟೆಂಟ್ ಸಿಕ್ಕಿದ ಮೇಲೆ ಆ ವ್ಯಾಪಾರ ಕ್ರಮೇಣ ಕುಸಿಯಿತು. 'ಆಲ್ಕಲಿ' ಎಂಬ ಮಾತು ಇಂಥ ಗಿಡಬೂದಿಯ ಅರಬ್ಬಿ ಹೆಸರಿನಿಂದ ಬಂದದ್ದು.

● ಚೀನದ ಲಿಯಾವೊನಿಂಗ್ ಪ್ರಾಂತ್ಯದ ಪಾಂಜಿನ್ ಬಳಿಯ ಜವುಗುತೀರ ಶರತ್ಕಾಲದಲ್ಲಿ ಕೆಂಪು ಜಮಖಾನೆ ಹಾಸಿದಂತಾಗುತ್ತದೆ. ಅದು ಸುಯೇಡ ಎಂಬ ಉಪ್ಪಿನ ಗಿಡದ ಬಣ್ಣ, ಬೀಟ್‌ರೂಟಿನ ಕೆಂಪಿನ ಜಾತಿಯದೇ.

● ಗುಜರಾತಿನ ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ ಸ್ಯಾಲಿಕಾರ್ನಿಯದಿಂದ ಅಡುಗೆಗೆ ಬಳಸಬಹುದಾದ 'ಸಸ್ಯ ಉಪ್ಪು' ತಯಾರಿಸಿದೆ.

● ಬಂಗಾಳದ ನೋನಾ ಬೋಕ್ರಾ ಎಂಬ ಉಪ್ಪು ತಾಳುವ ಭತ್ತದಿಂದ 2005ರಲ್ಲಿ ಒಂದು ಜೀನ್ ಪತ್ತೆಯಾಯಿತು. ಎಲೆಯತ್ತ ಹೊರಟ ರಸದಿಂದ ಸೋಡಿಯಂ ಅನ್ನು ಹೆಕ್ಕಿ ವಾಪಸು ಕರೆಸಿಕೊಳ್ಳುವುದು ಅದರ ಕೆಲಸ. ಇದೇ ಬಗೆಯ ಜೀನನ್ನು ಪುರಾತನ ಗೋದಿಯೊಂದರಿಂದ ಡ್ಯೂರಮ್ ಗೋದಿಗೆ ತಳಿ ಸಂಕರದಿಂದ ತಂದಾಗ, ಉಪ್ಪುನೆಲದಲ್ಲಿ ಇಳುವರಿ ಶೇಕಡ 25 ಹೆಚ್ಚಿತು ಎಂದು ಆಸ್ಟ್ರೇಲಿಯದ ವಿಜ್ಞಾನಿಗಳು 2012ರಲ್ಲಿ ವರದಿ ಮಾಡಿದರು.

● ಮಣ್ಣಿನ ಉಪ್ಪನ್ನು ಅದರ ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ಅದು ಮೀಟರಿಗೆ 3 ಡೆಸಿಸೀಮನ್ಸ್ ದಾಟಿತೆಂದರೆ ಸಾಮಾನ್ಯ ಭತ್ತದ ಇಳುವರಿ ಇಳಿಯತೊಡಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ರೈತರು ಸವಳು-ಜವಳು ಎನ್ನುವುದು ಇಂಥ ನೆಲವನ್ನೇ: ಕಾಲುವೆ ನೀರು ಬಸಿಯದೆ ನಿಂತು, ಆಳದ ಲವಣ ಮೇಲೆ ಬಂದು, ಬೇಸಿಗೆಯಲ್ಲಿ ಹೊಲ ಬೆಳ್ಳಗೆ ಹೊಳೆಯುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈ ನೆಲಗಳ ಮೇಲೆ ಕೆಲಸ ಮಾಡುತ್ತಿದೆ. ದೇಶದಲ್ಲಿ ಉಪ್ಪು ಮತ್ತು ಕ್ಷಾರಪೀಡಿತ ಭೂಮಿ ಸುಮಾರು 67 ಲಕ್ಷ ಹೆಕ್ಟೇರ್.

● ಉಪ್ಪು ತಾಳುವ ಭತ್ತ ನಮ್ಮಲ್ಲೂ ಇದೆ, ಅದರ ಹೆಸರು ಕಗ್ಗ. ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ, ಮಾಣಿಕಟ್ಟಾದಂಥ ಊರುಗಳಲ್ಲಿ ತಲೆಮಾರುಗಳಿಂದ ಬೆಳೆದು ಬಂದದ್ದು. ಮುಂಗಾರಿನ ಹೊಳೆನೀರು ಗದ್ದೆಯ ಉಪ್ಪನ್ನು ತೊಳೆದು ಹದಕ್ಕೆ ತಂದಾಗ ಬಿತ್ತನೆ; ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು, ಮೀನು, ಸಿಗಡಿ. ರಸಗೊಬ್ಬರ ಬೇಡ, ಔಷಧಿ ಬೇಡ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಏಳುತ್ತದೆ. ಕೇರಳದ ಪೊಕ್ಕಾಳಿ ಭತ್ತ ಇದರ ದಾಯಾದಿಯಂತೆ. ಅಲ್ಲಿ ಗದ್ದೆಯಲ್ಲಿ ಮಣ್ಣಿನ ದಿಬ್ಬ ಮಾಡಿ, ಮಳೆಗೆ ಉಪ್ಪು ತೊಳೆದುಹೋದ ಮೇಲೆ ಅದರ ಮೇಲೆ ಬಿತ್ತುತ್ತಾರೆ. ಪೊಕ್ಕಾಳಿಯ ಉಪ್ಪು ತಾಳುವ ಗುಣ ಅದರ ಒಂದನೇ ವರ್ಣತಂತುವಿನ 'ಸಾಲ್ಟಾಲ್' ಎಂಬ ಭಾಗದಲ್ಲಿದೆ ಎಂದು ಗುರುತಿಸಿ, ತಳಿವಿಜ್ಞಾನಿಗಳು ಅದನ್ನು ಹೊಸ ತಳಿಗಳಿಗೆ ದಾಟಿಸುತ್ತಿದ್ದಾರೆ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜವುಗುನೆಲಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಆದರೆ ಗಜನಿಯ ಒಡ್ಡುಗಳು ಒಡೆದಲ್ಲಿ ಉಬ್ಬರದ ನೀರು ಹೊತ್ತಲ್ಲದ ಹೊತ್ತಿಗೆ ನುಗ್ಗುತ್ತದೆ, ಕಗ್ಗ ತಾಳುವ ಮಿತಿಯನ್ನೂ ದಾಟುತ್ತದೆ. ಬಿಟ್ಟುಬಿಟ್ಟ ಗದ್ದೆಗಳಲ್ಲಿ ಈಗ ಕಾಂಡ್ಲಾ ಚಿಗುರಿದೆ. ಮಳೆಗಾಲದಲ್ಲಿ ಆ ಕಡೆ ಹೋದರೆ, ಒಡ್ಡು ಗಟ್ಟಿಯಿರುವಲ್ಲಿ ಎತ್ತರದ ಕಗ್ಗದ ಪೈರು ಇನ್ನೂ ಕಾಣಸಿಗುತ್ತದೆ.